ದೋಣಿಯಲ್ಲಿ ಗುಡ್ಡ ಹತ್ತಿ ಇಳಿದ ಕಥೆ

(ಈ ಸಲ ಊರಿಗೆ ಬಂದಾಗ ಮೈಸೂರಿನಲ್ಲಿ ಗೆಳೆಯರು ಸೇರಿಸಿದ್ದ ಸಣ್ಣ ಸಭೆಯೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಸಭೆಯಿಂದ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ದೋಣಿ ನಡೆಸುವ ಮನೆತನದವನಲ್ಲ. ಈಜು ಕಲಿತದ್ದೇ ಮೂವತ್ತೈದು ದಾಟಿದ ಮೇಲೆ, ಅದೂ ಆರು ವರ್ಷದ ಮಕ್ಕಳ ಸಾಲಿನಲ್ಲಿ ನಿಂತು. ನಾನಿರುವ ಊರು ಗೋಥೆನ್‌ಬರ್ಗ್, ಅಲ್ಲಿನವರ ಬಾಯಲ್ಲಿ ಯೋತೆಬೋರಿ. ಸ್ವೀಡನ್ನಿನ ಪಶ್ಚಿಮ ಕರಾವಳಿಯ ಬಂದರು. ಅಲ್ಲಿ ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಮಾತು ಶುರುವಾಗುವುದೇ ದೋಣಿಯಿಂದ. ಯಾರ ದೋಣಿಗೆ ಬಣ್ಣ ಆಯಿತು, ಯಾರ ಎಂಜಿನ್ ಕೆಟ್ಟಿತು, ಯಾರು ಎಲ್ಲಿ ಬಂಡೆಗೆ ಗುದ್ದಿದರು. ನಾನು ಏಳೆಂಟು ವರ್ಷ ಸುಮ್ನೆ ತಲೆ ಆಡಿಸುತ್ತಾ ಕೂತಿದ್ದೆ.

ಕೊನೆಗೆ ನನ್ನನ್ನೂ ನನ್ನ ಹೆಂಡತಿಯನ್ನೂ ದೋಣಿಯಲ್ಲಿ ಕರೆದುಕೊಂಡು ಹೋದವರು ನಮ್ಮ ಪಕ್ಕದ ಮನೆಯವರು. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು. ಇಲ್ಲಿ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ. ಅಲ್ಲಿ ಹಾಗೆ ಕರೆದರೆ ನಗುತ್ತಾರೆ. 1960ರ ದಶಕದ ಕೊನೆಗೆ ಸ್ವೀಡನ್ನಿನವರು ಎಲ್ಲರೂ ಎಲ್ಲರಿಗೂ ‘ದೂ’, ಅಂದರೆ ‘ನೀನು’, ಅನ್ನುವುದಕ್ಕೆ ಬಂದುಬಿಟ್ಟರು. ನನ್ನ ಬಾಯಿ ‘ದೂ’ ಅನ್ನುತ್ತದೆ. ಮನಸ್ಸು ಒಳಗೊಳಗೇ ‘ನೀವು’ ಅಂದುಕೊಳ್ಳುತ್ತದೆ. ಇಷ್ಟು ವರ್ಷವಾದರೂ ಇದು ಸರಿಹೋಗಿಲ್ಲ.

ಅವರ ದೋಣಿ ಆರು ಮೀಟರ್ ಉದ್ದದ, ಎರಡು ತುದಿಯೂ ಚೂಪಾಗಿರುವ ಹಳೇ ಮರದ್ದು. ಇಂಥದ್ದಕ್ಕೆ ಅಲ್ಲಿ ‘ಸ್ನೀಪಾ’ ಅನ್ನುತ್ತಾರೆ. ಒಂದು ಪುಟ್ಟ ಡೀಸೆಲ್ ಎಂಜಿನ್. ಟುಕ್ ಟುಕ್ ಟುಕ್ ಅಂತ ಹಿಟ್ಟಿನ ಗಿರಣಿಯ ಸದ್ದು. ಹೋಗಬೇಕಾದದ್ದು ಯೋತಾ ಕಾಲುವೆಯಲ್ಲಿ, ವೆನರ್ನ್ ಸರೋವರದ ದಂಡೆಯಿಂದ ಪೂರ್ವದ ಬಾಲ್ಟಿಕ್ ಸಮುದ್ರದವರೆಗೆ, 190 ಕಿಲೋಮೀಟರ್. ಅದರಲ್ಲಿ ಮನುಷ್ಯರು ತೋಡಿದ್ದು 87 ಕಿಲೋಮೀಟರ್. ಉಳಿದದ್ದೆಲ್ಲ ಮೊದಲೇ ಇದ್ದ ಕೆರೆ, ಸರೋವರ.

ಹೊರಡುವ ಮುಂಚೆ ಮೇಷ್ಟ್ರು ದೋಣಿಯ ಪುಟ್ಟ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘44’ ಅಂತ ಬರೆದರು. ಏನಿದು ಅಂದೆ. ‘ಈಗ ನಾವು ಸಮುದ್ರಕ್ಕಿಂತ 44 ಮೀಟರ್ ಮೇಲಿದ್ದೇವೆ. ಎತ್ತರ ಬದಲಾದಾಗಲೆಲ್ಲ ಬರೆಯೋಣ’ ಅಂದರು. ಕಿಲೋಮೀಟರ್ ಲೆಕ್ಕ ಅವರು ಬರೆಯಲೇ ಇಲ್ಲ.

ಆಮೇಲೆ ಅರ್ಥವಾಯಿತು. ನಕಾಶೆಯಲ್ಲಿ ನೋಡಿದರೆ ದಕ್ಷಿಣ ಸ್ವೀಡನ್ ಚಪ್ಪಟೆ. ರೈಲಿನಲ್ಲಿ ಹೋದರೂ ಚಪ್ಪಟೆಯೇ. ಆದರೆ ದೋಣಿಯಲ್ಲಿ ಒಂದೊಂದು ಅಡಿ ಏರಿಕೆಗೂ ನೀವು ಹಗ್ಗ ಹಿಡಿದು ನಿಲ್ಲಬೇಕು. 44ರಿಂದ 91.8 ಮೀಟರಿಗೆ ಹತ್ತಬೇಕು. ಅಲ್ಲಿಂದ ಸೊನ್ನೆಗೆ ಇಳಿಯಬೇಕು. ಅದಕ್ಕೆ 58 ಮೆಟ್ಟಿಲು. ಒಂದೊಂದು ಮೆಟ್ಟಿಲೂ ಒಂದು ಲಾಕ್. ಸ್ವೀಡಿಷ್‌ನಲ್ಲಿ ಅದಕ್ಕೆ ‘ಸ್ಲುಸ್’ ಅನ್ನುತ್ತಾರೆ.

ಲಾಕ್ ಅಂದರೆ ಏನು ಅಂತ ಇಲ್ಲಿ ಮುಂದೆ ಕೂತಿರುವ ಅಮ್ಮ ಕೇಳುತ್ತಿದ್ದಾರೆ. ಕೆರೆಯ ತೂಬು ನೋಡಿದವರಿಗೆ ಇದು ಸುಲಭ. ಕಲ್ಲು ಕಟ್ಟಿದ ಉದ್ದನೆಯ ಒಂದು ತೊಟ್ಟಿ. ಆ ಕಡೆ ಒಂದು ಜೋಡಿ ಬಾಗಿಲು, ಈ ಕಡೆ ಒಂದು ಜೋಡಿ ಬಾಗಿಲು. ಕೆಳಗಿನ ಬಾಗಿಲು ತೆರೆದಿದ್ದಾಗ ದೋಣಿ ಒಳಗೆ ಹೋಗುತ್ತದೆ. ಬಾಗಿಲು ಮುಚ್ಚುತ್ತಾರೆ. ಮೇಲಿನ ಬಾಗಿಲಿನ ತೂಬು ಎತ್ತುತ್ತಾರೆ. ಮೇಲಿನ ನೀರು ತೊಟ್ಟಿಗೆ ನುಗ್ಗುತ್ತದೆ, ದೋಣಿ ಏಳುತ್ತದೆ. ಎರಡು ಕಡೆಯ ನೀರೂ ಸಮ ಆದಮೇಲೆ ಮೇಲಿನ ಬಾಗಿಲು ತಾನಾಗಿ ಹಗುರವಾಗುತ್ತದೆ, ತೆರೆಯುತ್ತಾರೆ, ನೀವು ಆಚೆ. ಇಳಿಯುವಾಗ ಇದೇ ಕೆಲಸ ತಿರುಗಾಮುರುಗಾ. ಪಂಪು ಇಲ್ಲ, ಎತ್ತುವ ಯಂತ್ರ ಇಲ್ಲ. ನೀರಿನ ಭಾರವೇ ಕೆಲಸ ಮಾಡುತ್ತದೆ.

ಹಾಗಾದರೆ ಮೇಲಿನ ನೀರು ಎಲ್ಲಿಂದ ಬರುತ್ತದೆ? ನನಗೆ ಇಡೀ ಕಾಲುವೆಯಲ್ಲಿ ಬಹಳ ಇಷ್ಟವಾದ ವಿಷಯ ಇದು. ಈ ಲಾಕುಗಳು 30 ಮೀಟರ್ ಉದ್ದ, 7 ಮೀಟರ್ ಅಗಲದ ಹಡಗು ಹಿಡಿಸುವಷ್ಟು ದೊಡ್ಡವು. ಎರಡೂವರೆ ಮೀಟರ್ ಏರಿಸಿದರೆ, ನನ್ನ ಕೈಲೆಕ್ಕದಲ್ಲಿ, ಐದು ಲಕ್ಷ ಲೀಟರ್ ನೀರು ಬೇಕು. ನಮ್ಮ ಬೀದಿಗೆ ಬರುವ ಟ್ಯಾಂಕರ್ ಲೆಕ್ಕದಲ್ಲಿ ಎಂಬತ್ತು ಟ್ಯಾಂಕರ್‌ಗೂ ಜಾಸ್ತಿ. ನಮ್ಮ ಗಿರಣಿ ದೋಣಿಯೊಂದು ದಾಟುವುದಕ್ಕೆ ಎಂಬತ್ತು ಟ್ಯಾಂಕರ್! ಅಷ್ಟೂ ನೀರು ಕೆಳಗೆ ಹೋಯಿತು, ಮತ್ತೆ ಮೇಲೆ ಬರುವುದಿಲ್ಲ. ಹಾಗಾಗಿ ಕಾಲುವೆಯ ನೆತ್ತಿಯಲ್ಲಿ ಯಾವಾಗಲೂ ತುಂಬಿರುವ ಒಂದು ಕೆರೆ ಬೇಕು. ಆ ಕೆರೆಯ ಹೆಸರು ವೀಕೆನ್. 91.8 ಮೀಟರ್ ಎತ್ತರದಲ್ಲಿದೆ. ಅದು ಅಲ್ಲಿ ಇಲ್ಲದಿದ್ದರೆ ವೆನರ್ನ್ ಕಡೆಯ ಲಾಕುಗಳು ಬರೀ ಒಣ ತೊಟ್ಟಿ. ಕಾಲುವೆ ಎಲ್ಲಿ ಹೋಗಬೇಕು ಅಂತ ಮನುಷ್ಯರು ನಕಾಶೆ ಬರೆದರು ನಿಜ, ಆದರೆ ಅದನ್ನು ಮುಂಚೆಯೇ ಆ ಕೆರೆ ತೀರ್ಮಾನಿಸಿಬಿಟ್ಟಿತ್ತು.

ಈ ಕೆಲಸ ಮಾಡಿಸಿದವನು ಬಾಲ್ಟ್ಸರ್ ಫಾನ್ ಪ್ಲಾಟೆನ್. ನೌಕಾಪಡೆಯ ಅಧಿಕಾರಿ, ಆಮೇಲೆ ರಾಜಕಾರಣಿ. ಕಾಲುವೆಯ ಯೋಚನೆ ಅವನದಲ್ಲ. 1516ರಲ್ಲೇ ಲಿನ್‌ಶೋಪಿಂಗ್‌ನ ಬಿಷಪ್ ಹಾನ್ಸ್ ಬ್ರಾಸ್ಕ್ ಇಂಥದ್ದೊಂದು ಆಗಲಿ ಅಂದಿದ್ದರು. ಕಾರಣ ತುಂಬಾ ಸರಳ. ಬಾಲ್ಟಿಕ್‌ನಿಂದ ಹೊರಗೆ ಹೋಗುವ ಹಡಗು ಡೆನ್ಮಾರ್ಕಿನ ಬಾಗಿಲಲ್ಲಿ, ಓರೆಸುಂದ್ ಅನ್ನುವ ಕಿರಿದಾದ ಜಲಸಂಧಿಯಲ್ಲಿ, ಸುಂಕ ಕಟ್ಟಬೇಕಿತ್ತು. ದೇಶದ ನಡುವೆಯೇ ನೀರಿನ ದಾರಿ ಮಾಡಿಕೊಂಡರೆ ಆ ಬಾಗಿಲ ಮುಂದೆ ಹೋಗುವ ಗೋಜೇ ಇಲ್ಲ.

ಪ್ಲಾಟೆನ್ 1808ರಲ್ಲಿ ಸ್ಕಾಟ್ಲೆಂಡಿನಿಂದ ಥಾಮಸ್ ಟೆಲ್ಫರ್ಡ್‌ನನ್ನು ಕರೆಸಿದ. ಆಗ ಟೆಲ್ಫರ್ಡ್ ತನ್ನ ದೇಶದಲ್ಲಿ ಕ್ಯಾಲೆಡೋನಿಯನ್ ಕಾಲುವೆ ತೋಡಿಸುತ್ತಿದ್ದ. ಸ್ವೀಡನ್ನಿಗೆ ಬಂದು ದಾರಿ ಅಳೆದು ಕೊಟ್ಟು ಹೋದ. 1810ರಲ್ಲಿ ಕೆಲಸ ಶುರು. ಅದರ ಹಿಂದಿನ ವರ್ಷವಷ್ಟೇ ಸ್ವೀಡನ್ ಇಡೀ ಫಿನ್ಲೆಂಡನ್ನು ರಷ್ಯಾಕ್ಕೆ ಕಳೆದುಕೊಂಡಿತ್ತು. ಸೈನಿಕರನ್ನೇ ತೋಡುವುದಕ್ಕೆ ಹಾಕಿದರು. ಇಪ್ಪತ್ತೆರಡು ವರ್ಷದಲ್ಲಿ ಸುಮಾರು 58,000 ಜನ ಅಲ್ಲಿ ದುಡಿದರು. ದಿನಕ್ಕೆ ಹನ್ನೆರಡು ಗಂಟೆ. ಕೈಯಲ್ಲಿ ಇದ್ದದ್ದು ಅಂಚಿಗೆ ಕಬ್ಬಿಣ ಕಟ್ಟಿದ ಮರದ ಸನಿಕೆ. 1832ರ ಸೆಪ್ಟೆಂಬರ್ 26ರಂದು ಪೂರ್ವದ ತುದಿಯಲ್ಲಿ ರಾಜನೇ ನಿಂತು ಉದ್ಘಾಟನೆ. ಪ್ಲಾಟೆನ್ ಇರಲಿಲ್ಲ. 1829ರಲ್ಲೇ ತೀರಿಕೊಂಡಿದ್ದ. ಮೋಟಾಲಾ ಊರಿನಲ್ಲಿ ಕಾಲುವೆಯ ದಂಡೆಯಲ್ಲೇ ಅವನ ಸಮಾಧಿ ಇದೆ. ದೋಣಿಗಳು ಅದರ ಪಕ್ಕದಲ್ಲೇ ಹಾದು ಹೋಗುತ್ತವೆ.

ಆಮೇಲೆ ಏನಾಯಿತು ಗೊತ್ತಾ? 1857ರಲ್ಲಿ ಡೆನ್ಮಾರ್ಕ್ ಸುಂಕ ಎತ್ತುವುದನ್ನೇ ಬಿಟ್ಟಿತು. 1862ರಲ್ಲಿ ಸ್ಟಾಕ್‌ಹೋಮ್‌ನಿಂದ ಗೋಥೆನ್‌ಬರ್ಗ್‌ಗೆ ರೈಲು ಬಂತು. ಆ ರೈಲು ಹಾಕಿಸಿದವನು ನಿಲ್ಸ್ ಎರಿಕ್‌ಸನ್. ಅವನೂ ಅವನ ತಮ್ಮ ಜಾನ್ ಎರಿಕ್‌ಸನ್ನನೂ ಹುಡುಗರಾಗಿದ್ದಾಗ ಇದೇ ಯೋತಾ ಕಾಲುವೆಯ ಕಾಮಗಾರಿಯಲ್ಲಿ ಕೆಲಸ ಕಲಿತವರು. ಅವರ ಅಪ್ಪ ಅಲ್ಲೇ ಬಂಡೆ ಸಿಡಿಸುವ ಮೇಸ್ತ್ರಿ. ತಮ್ಮ ಆಮೇಲೆ ಅಮೆರಿಕಕ್ಕೆ ಹೋಗಿ ‘ಮಾನಿಟರ್’ ಅನ್ನುವ ಕಬ್ಬಿಣದ ಯುದ್ಧನೌಕೆ ಮಾಡಿದ. ಅಣ್ಣ ಊರಲ್ಲೇ ಉಳಿದು, ತನಗೆ ಅನ್ನ ಕೊಟ್ಟ ಕಾಲುವೆಯ ಸರಕನ್ನೆಲ್ಲ ರೈಲಿಗೆ ಹತ್ತಿಸಿದ. ಟೋರೆಬೂಡಾ ಅನ್ನುವ ಊರಿನಲ್ಲಿ ರೈಲು ಕಾಲುವೆಯನ್ನು ದಾಟುತ್ತದೆ. ನಾವು ಸೇತುವೆ ತೆರೆಯಲಿ ಅಂತ ಕೆಳಗೆ ಕಾಯುತ್ತಿದ್ದೆವು. ಮೇಲೆ ರೈಲು ಝರ್ ಅಂತ ಹೋಯಿತು. ನಾನು ಗೋಥೆನ್‌ಬರ್ಗ್‌ನಲ್ಲಿ ದಿನಾ ಬಸ್ ಹಿಡಿಯುವ ನಿಲ್ದಾಣದ ಹೆಸರು ನಿಲ್ಸ್ ಎರಿಕ್‌ಸನ್ ಟರ್ಮಿನಲ್. ಆ ನಿಲ್ಸ್ ಯಾರು ಅಂತ ಅಲ್ಲಿಯವರೆಗೂ ಯೋಚಿಸಿಯೇ ಇರಲಿಲ್ಲ.

ಟೋರೆಬೂಡಾದಲ್ಲಿ ಇನ್ನೊಂದು ತಮಾಷೆ ಇದೆ. ‘ಲೀನಾ’ ಅಂತ ಒಂದು ದಾಟುದೋಣಿ. ಕಾಲುವೆಯ ಈ ದಡದಿಂದ ಆ ದಡಕ್ಕೆ ಕೈಯಲ್ಲೇ ತಿರುಗಿಸಿಕೊಂಡು ದಾಟಿಸುತ್ತಾರೆ. ಕೂತು ಏಳುವಷ್ಟರಲ್ಲಿ ಪ್ರಯಾಣ ಮುಗಿಯುತ್ತದೆ. ನನ್ನ ಹೆಂಡತಿ ಎರಡು ಸಲ ಹೋಗಿ ಬಂದಳು.

ಈಗ ಹಗ್ಗದ ವಿಷಯಕ್ಕೆ ಬರಬೇಕು. ಸಣ್ಣ ದೋಣಿಯಲ್ಲಿ ಇಡೀ ಪ್ರವಾಸ ನಿಂತಿರುವುದು ಹಗ್ಗದ ಮೇಲೆ. ಹತ್ತುವಾಗ ಒಬ್ಬರು ಲಾಕಿಗೆ ಮುಂಚೆಯೇ ದಡಕ್ಕೆ ಹಾರಿ ಎರಡು ಹಗ್ಗ ಹಿಡಿದು ನಡೆಯಬೇಕು. ಹಿಂದಿನ ಹಗ್ಗವನ್ನು ನೇರ ಮೇಲಿನ ಬಳೆಗೆ ಹಾಕಬೇಕು. ಮುಂದಿನದನ್ನು ಸ್ವಲ್ಪ ದೂರದ ಬಳೆಯಲ್ಲಿ ತೂರಿಸಿ ತುದಿಯನ್ನು ದೋಣಿಯಲ್ಲಿರುವವರಿಗೆ ವಾಪಸ್ ಕೊಡಬೇಕು. ತೂಬು ಎತ್ತಿದ ಕೂಡಲೇ ನೀರು ಕುದಿಯುವ ಹಾಗೆ ಬರುತ್ತದೆ. ದೋಣಿ ಏಳುತ್ತಾ ಹೋದ ಹಾಗೆ ಮುಂದಿನ ಹಗ್ಗ ಸಡಿಲವಾಗುತ್ತದೆ, ಅದನ್ನು ಎಳೆದುಕೊಳ್ಳುತ್ತಲೇ ಇರಬೇಕು. ಒಂದು ಕ್ಷಣ ಬಿಟ್ಟರೆ ಮೂತಿ ಆಚೆ ತಿರುಗಿ ಪಕ್ಕದ ದೋಣಿಗೆ ಗುದ್ದುತ್ತದೆ. ಪಕ್ಕದ ದೋಣಿ ಸಾಮಾನ್ಯವಾಗಿ ನಿಮ್ಮ ಮನೆಗಿಂತ ದುಬಾರಿಯದಾಗಿರುತ್ತದೆ.

ಶುರುವಿನಲ್ಲೇ ಶೋಟೋರ್ಪ್‌ನಲ್ಲಿ ಎಂಟು ಲಾಕ್. ನಾಲ್ಕನೆಯದರಲ್ಲಿ ನಾನೂ ನನ್ನ ಹೆಂಡತಿಯೂ ಮಾತು ಬಿಟ್ಟಿದ್ದೆವು. ‘ಎಳೀರಿ ಅಂದ್ರೆ ಎಳೀಬೇಕು’ ಅಂತ ಅವಳು, ‘ಎಳೀತಾ ಇದೀನಲ್ಲ’ ಅಂತ ನಾನು. ಮೇಷ್ಟ್ರಿಗೆ ಕನ್ನಡ ಬಾರದಿದ್ದರೂ ಎಲ್ಲ ಅರ್ಥವಾಯಿತು. ‘ಈ ಕಾಲುವೆಗೆ ಇನ್ನೊಂದು ಹೆಸರಿದೆ’ ಅಂದರು. ಅಲ್ಲಿನವರು ಇದನ್ನು ತಮಾಷೆಗೆ ‘ಸ್ಕಿಲ್ಸ್‌ಮೆಸ್ಸೊದೀಕೆತ್’ ಅನ್ನುತ್ತಾರಂತೆ. ಕನ್ನಡದಲ್ಲಿ ಹೇಳಬೇಕು ಅಂದರೆ ವಿಚ್ಛೇದನದ ಚರಂಡಿ. ಇಬ್ಬರೂ ನಕ್ಕೆವು. ಐದನೇ ಲಾಕ್ ಸಲೀಸಾಯಿತು.

ಲಾಕ್ ನಡೆಸುವವರು ಬಹುಪಾಲು ಬೇಸಿಗೆ ರಜೆಯ ಕೆಲಸಕ್ಕೆ ಬಂದ ಕಾಲೇಜು ಹುಡುಗ ಹುಡುಗಿಯರು. ಈಗ ಬಾಗಿಲುಗಳು ಹೆಚ್ಚಿನ ಕಡೆ ಗುಂಡಿ ಒತ್ತಿದರೆ ಸಾಕು. ಟೋಟೋರ್ಪ್ ಮತ್ತು ಬೂರೆನ್ಸ್‌ಬೆರಿ, ಈ ಎರಡು ಕಡೆ ಮಾತ್ರ ಇವತ್ತಿಗೂ ಕೈಯಲ್ಲೇ ತಳ್ಳಬೇಕು. ಟೋಟೋರ್ಪ್‌ನಲ್ಲಿ ನಾನೂ ಭುಜ ಕೊಟ್ಟೆ. ಆ ಬಾಗಿಲು ದಾಟಿದರೆ ಎದುರಿಗೆ ವೀಕೆನ್. ಮೇಷ್ಟ್ರು ಗೋಡೆಯ ಮೇಲೆ ‘91.8’ ಬರೆದು ಕೆಳಗೆ ಎರಡು ಗೆರೆ ಎಳೆದರು.

ಆ ರಾತ್ರಿ ವೀಕೆನ್‌ನ ಒಂದು ಪುಟ್ಟ ದ್ವೀಪದಲ್ಲಿ ಉಳಿದೆವು. ದೋಣಿಯ ಹಿಂದಿನಿಂದ ಲಂಗರು ಬಿಟ್ಟು, ಮೂತಿಯನ್ನು ಬಂಡೆಯ ಹತ್ತಿರ ತಂದು ಒಂದು ಪೈನ್ ಮರಕ್ಕೆ ಹಗ್ಗ ಕಟ್ಟಿದೆವು. ಆ ದ್ವೀಪ ಯಾರದ್ದು? ಯಾರದ್ದೋ. ಕೇಳಬೇಕಾಗಿಲ್ಲ. ಸ್ವೀಡನ್ನಿನಲ್ಲಿ ‘ಅಲ್ಲೆಮಾನ್ಸ್‌ರೆಟ್’ ಅಂತ ಒಂದು ಹಕ್ಕಿದೆ, ಅಂದರೆ ಎಲ್ಲರ ಹಕ್ಕು. ಹಳೆಯ ರೂಢಿ. 1994ರಿಂದ ಸಂವಿಧಾನದಲ್ಲೂ ಸೇರಿದೆ. ಯಾರ ಜಮೀನಿನಲ್ಲಾದರೂ ನಡೆಯಬಹುದು, ಒಂದೆರಡು ರಾತ್ರಿ ಡೇರೆ ಹಾಕಬಹುದು, ದೋಣಿ ಕಟ್ಟಬಹುದು, ಕಾಡಿನ ಹಣ್ಣು ಕಿತ್ತು ತಿನ್ನಬಹುದು. ಮನೆಯ ಅಂಗಳಕ್ಕೆ ಮಾತ್ರ ಹೋಗಬಾರದು, ಬೆಳೆ ತುಳಿಯಬಾರದು. ಬರೀ ಬಂಡೆಯ ಮೇಲೆ ಬೆಂಕಿ ಹಾಕಬಾರದು, ಬಂಡೆ ಸಿಡಿದು ಸೀಳಿಬಿಡುತ್ತದೆ. ಸಣ್ಣ ದೋಣಿಗೆ ಈ ಹಕ್ಕಿನಷ್ಟು ದೊಡ್ಡ ವರ ಇನ್ನೊಂದಿಲ್ಲ. ದೊಡ್ಡ ದೋಣಿಗಳು ಆಳ ಸಾಲದೆ ಬಂದರಿಗೇ ಹೋಗಬೇಕು. ನಮ್ಮಂಥವರಿಗೆ ಪ್ರತಿ ಬಂಡೆಯೂ ಬಂದರು.

ಸ್ಪಿರಿಟ್ ಒಲೆಯ ಮೇಲೆ ಅನ್ನ ಮಾಡಿ ಊರಿನಿಂದ ತಂದಿದ್ದ ಪುಳಿಯೋಗರೆ ಗೊಜ್ಜು ಕಲಸಿದೆವು. ಹತ್ತೂವರೆಗೂ ಬೆಳಕು. ಮೇಷ್ಟ್ರು ಎರಡನೇ ಸಲ ಹಾಕಿಸಿಕೊಂಡರು, ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಸೊಳ್ಳೆಯ ವಿಷಯ ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ಮೈಸೂರಿನ ಸೊಳ್ಳೆಗೆ ಒಂದು ಮರ್ಯಾದೆ ಇದೆ, ಸಂಜೆ ಬಂದು ಹೋಗುತ್ತದೆ. ಅಲ್ಲಿನ ಸೊಳ್ಳೆಗಳಿಗೆ ಇರುವುದೇ ಎರಡು ತಿಂಗಳು. ಹೊಟ್ಟೆ ತುಂಬುವವರೆಗೂ ಬಿಡುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಲೈಸೆನ್ಸ್ ಬೇಡವಾ ಅಂತ. 12 ಮೀಟರಿಗಿಂತ ಚಿಕ್ಕದಾದ, 4 ಮೀಟರಿಗಿಂತ ಕಿರಿದಾದ ಮೋಜಿನ ದೋಣಿಗೆ ಬೇಡ. ನನಗೂ ಆಶ್ಚರ್ಯವೇ ಆಯಿತು. ಕಾರು ಓಡಿಸಲು ಅಷ್ಟು ಸತಾಯಿಸುವ ದೇಶ ದೋಣಿಗೆ ಬಾ ಅನ್ನುತ್ತದೆ. ಆದರೆ ಶೌಚದ ನೀರನ್ನು ಕೆರೆಗೆ ಬಿಡುವ ಹಾಗಿಲ್ಲ. 2015ರ ಏಪ್ರಿಲ್‌ನಿಂದ ಮೋಜಿನ ದೋಣಿಗಳಿಗೆ ಅದು ಪೂರ್ತಿ ನಿಷೇಧ. ಬಂದರಿನಲ್ಲಿ ಅದನ್ನು ಹೀರಿ ತೆಗೆಯುವ ಯಂತ್ರ ಇರುತ್ತದೆ. ಆ ಕೆಲಸ ನನ್ನ ಪಾಲಿಗೆ ಬಂತು.

ವೀಕೆನ್ ಆದಮೇಲೆ ಫೋರ್ಸ್‌ವಿಕ್. ಅಲ್ಲಿ 1813ರಲ್ಲಿ ಆದ ಲಾಕ್ ಇದೆ. ಕಾಲುವೆಯಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಸುಮಾರು ಮೂರೂವರೆ ಮೀಟರ್ ಇಳಿಸುತ್ತದೆ. ಇಳಿಯುವಾಗ ಹಗ್ಗದ ಕೆಲಸ ಉಲ್ಟಾ. ಎಳೆಯಬಾರದು, ಬಿಡುತ್ತಾ ಹೋಗಬೇಕು. ನಾನು ಏನು ಮಾಡಿದೆ? ಹತ್ತುವ ಅಭ್ಯಾಸದಲ್ಲಿ ಹಿಂದಿನ ಹಗ್ಗವನ್ನು ಬಿಗಿಯಾಗಿ ಗೂಟಕ್ಕೆ ಸುತ್ತಿ ಫೋಟೋ ತೆಗೆಯುತ್ತಾ ನಿಂತೆ. ನೀರು ಇಳಿಯಿತು, ದೋಣಿಯ ಹಿಂಭಾಗ ಇಳಿಯಲಿಲ್ಲ. ಹಗ್ಗ ಕರ್ ಅಂತ ಸದ್ದು ಮಾಡಿತು. ಒಳಗಿದ್ದ ಪಾತ್ರೆ ಎಲ್ಲ ಮುಂದಕ್ಕೆ ಜಾರಿತು. ದೋಣಿ ಗೋಡೆಗೆ ನೇತುಹಾಕಿದ ಹಾಗೆ ಆಗಿತ್ತು. ಮೇಷ್ಟ್ರು ಒಂದು ಮಾತೂ ಆಡದೆ ಸೊಂಟದಿಂದ ಚಾಕು ತೆಗೆದು ಹಗ್ಗ ಕತ್ತರಿಸಿದರು. ದೊಪ್ ಅಂತ ಬಿತ್ತು. ‘ಚಾಕು ಯಾಕೆ ಇಟ್ಟುಕೊಂಡಿದ್ದೇನೆ ಅಂತ ನಿನ್ನೆ ಕೇಳಿದ್ದೆಯಲ್ಲ’ ಅಂದರು, ಅಷ್ಟೇ.

ಅಲ್ಲಿಂದ ಕಾರ್ಲ್ಸ್‌ಬೋರಿ. ಗೋಡೆಯ ಮೇಲೆ ‘88.5’. ಎದುರಿಗೆ ವೆಟ್ಟರ್ನ್.

ಕಾಲುವೆಯಲ್ಲಿ ಯಾರೂ ಮುಳುಗುವುದಿಲ್ಲ, ಹೆಂಡತಿ ಗಂಡ ಜಗಳ ಆಡುತ್ತಾರೆ, ಅಷ್ಟೇ. ಭಯ ಇರುವುದು ಸರೋವರದಲ್ಲಿ. ವೆಟ್ಟರ್ನ್ ಉದ್ದ 135 ಕಿಲೋಮೀಟರ್, ಆಳ 128 ಮೀಟರ್. ಅಗಲ ಮಾತ್ರ ಕಡಿಮೆ. ಉತ್ತರ ದಕ್ಷಿಣ ಉದ್ದಕ್ಕೆ ಚಾಚಿಕೊಂಡಿದೆ. ಗಾಳಿ ಆ ಉದ್ದಕ್ಕೂ ಬೀಸಿದರೆ ಓಡಿಬಂದ ಅಲೆ ಗಿಡ್ಡಗೆ, ಕಡಿದಾಗಿ, ಒಂದರ ಹಿಂದೆ ಒಂದು ಬರುತ್ತದೆ. ಆರು ಮೀಟರಿನ ದೋಣಿಗೆ ಆ ಅಲೆ ಒಗ್ಗುವುದಿಲ್ಲ. ನೀರು ಎಷ್ಟು ತಿಳಿ ಅಂದರೆ ಸುತ್ತಲ ಊರುಗಳಿಗೆ ಕುಡಿಯಲು ಅದೇ. ಎಷ್ಟು ತಂಪು ಅಂದರೆ ಜುಲೈನಲ್ಲೂ ಕೈ ಅದ್ದಿದರೆ ಬೆರಳು ಮರಗಟ್ಟುತ್ತದೆ.

ಎದುರು ದಡದ ಮೋಟಾಲಾಕ್ಕೆ ಸುಮಾರು 30 ಕಿಲೋಮೀಟರ್. ನಮ್ಮ ಗಿರಣಿಗೆ ಮೂರು ಗಂಟೆಗೂ ಮೇಲೆ. ಮೊದಲ ದಿನ ಆಕಾಶ ನೀಲಿ, ಬಿಸಿಲು. ಹೊರಡೋಣ ಅಂದೆ. ಮೇಷ್ಟ್ರು ಬೇಡ ಅಂದರು. ಎರಡನೇ ದಿನವೂ ಬೇಡ. ನಾನು ರಜೆ ಲೆಕ್ಕ ಹಾಕುತ್ತಾ ಸಿಡುಕುತ್ತಿದ್ದೆ. ಹೊತ್ತು ಹೋಗದೆ ಕೋಟೆ ನೋಡಿ ಬಂದೆವು. 1819ರಲ್ಲಿ ಶುರು ಮಾಡಿದ ಕೋಟೆ. ಶತ್ರು ಬಂದರೆ ರಾಜ, ಸರ್ಕಾರ, ಖಜಾನೆ ಎಲ್ಲ ಇಲ್ಲಿಗೆ ಬಂದು ಸೇರಿಕೊಳ್ಳಲಿ ಅಂತ ದೇಶದ ಒಡಲಿನಲ್ಲಿ ಕಟ್ಟಿದರು. ಕಟ್ಟಿ ಮುಗಿಯುವಷ್ಟರಲ್ಲಿ ಯುದ್ಧದ ರೀತಿಯೇ ಬದಲಾಗಿತ್ತು. ಆ ಸಂಜೆ ಬಂದರಿನ ಆಚೆ ನೋಡಿದರೆ ಸರೋವರ ಪೂರ್ತಿ ಬೆಳ್ಳಗೆ ನೊರೆ. ನಾನು ಮಾತಾಡಲಿಲ್ಲ. ಮೂರನೇ ದಿನ ಬೆಳಗಿನ ನಾಲ್ಕಕ್ಕೆ ಎಬ್ಬಿಸಿದರು. ನೀರು ಎಣ್ಣೆ ಸುರಿದ ಹಾಗೆ. ಎಂಟಕ್ಕೆ ಮುಂಚೆ ಮೋಟಾಲಾ. ಅಲ್ಲಿ ಹೊಗೆ ಹಾಕಿದ ರೋಡಿಂಗ್ ಮೀನು ಸಿಕ್ಕಿತು. ಆ ಸರೋವರಕ್ಕೆ ಹೆಸರು ತಂದ ಮೀನು ಅದು. ನಾನೂ ಮೇಷ್ಟ್ರೂ ಕಾಗದದ ಮೇಲೆ ಇಟ್ಟುಕೊಂಡು ತಿಂದೆವು. ನನ್ನ ಹೆಂಡತಿ ಮೊಸರನ್ನ ಹಿಡಿದು ದೂರ ಹೋಗಿ ಕೂತಳು.

ಮೋಟಾಲಾದಿಂದ ಬರೀ ಇಳಿಕೆ. ಬೂರೆನ್ಸ್‌ಹುಲ್ಟ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ ಐದು ಲಾಕ್, 15 ಮೀಟರ್ ಇಳಿದರೆ ಬೂರೆನ್ ಸರೋವರ, ‘73’. ಮುಂದೆ ಕಾಲುವೆ ಗುಡ್ಡದ ಪಕ್ಕೆಯಲ್ಲೇ ಎತ್ತರದಲ್ಲಿ ಸಾಗುತ್ತದೆ, ಎರಡು ಕಡೆ ಸಾಲುಮರ. ಒಂದು ಕಡೆ ನಮ್ಮ ಕೆಳಗೆ ರಸ್ತೆ, ರಸ್ತೆಯಲ್ಲಿ ಕಾರು! ನಾವು ನೀರಿನಲ್ಲಿ ಮೇಲೆ, ಕಾರಿನವರು ನಮ್ಮ ಹೊಟ್ಟೆಯ ಕೆಳಗೆ. ಮಿತಿ ಐದು ನಾಟ್, ಗಂಟೆಗೆ ಒಂಬತ್ತು ಕಿಲೋಮೀಟರ್. ದಡದ ದಾರಿಯಲ್ಲಿ ಸೈಕಲ್ಲಿನ ಅಜ್ಜಿಯೊಬ್ಬರು ನಮ್ಮನ್ನು ಹಿಂದೆ ಹಾಕಿ ಕೈ ಬೀಸಿದರು. ಮಿತಿ ಯಾಕೆ ಅಂದರೆ ಅಲೆ ಎದ್ದರೆ ಮಣ್ಣಿನ ದಂಡೆ ಕೊರೆಯುತ್ತದೆ.

ಬೆರ್ಗ್‌ನದು ಇಡೀ ದಾರಿಯ ದೊಡ್ಡ ಮೆಟ್ಟಿಲು. ಏಳು ಲಾಕ್ ಸಾಲಾಗಿ, 18.8 ಮೀಟರ್. ಮೇಲೆ ನಿಂತು ನೋಡಿದರೆ ಕೆಳಗೆ ರೋಕ್ಸೆನ್ ಸರೋವರ ತಟ್ಟೆಯ ಹಾಗೆ ಕಾಣುತ್ತದೆ. ಎರಡೂ ಕಡೆ ಹುಲ್ಲಿನ ಮೇಲೆ ಜನ ಐಸ್‌ಕ್ರೀಂ ತಿನ್ನುತ್ತಾ ಕೂತಿರುತ್ತಾರೆ. ಅವರು ಬರುವುದೇ ನಮ್ಮಂಥವರು ತಪ್ಪು ಮಾಡುವುದನ್ನು ನೋಡುವುದಕ್ಕೆ. ಅವತ್ತು ಅವರಿಗೆ ನಿರಾಸೆ ಆಯಿತು. ನಾನು ಹಗ್ಗ ಬಿಡುತ್ತಾ ಹೋದೆ, ಹೆಂಡತಿ ಮುಂದಿನದು ಬಿಡುತ್ತಾ ಹೋದಳು, ಒಂದು ಮಾತಿಲ್ಲ. ಕೆಳಗೆ ಬಂದಾಗ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ‘33’.

ಬೇರೆ ಕಾಲುವೆಗಳಿಲ್ಲವಾ ಅಂತ ಕೇಳುತ್ತೀರಿ. ಇವೆ. ಗೋಥೆನ್‌ಬರ್ಗ್‌ನಿಂದ ವೆನರ್ನ್‌ಗೆ ಹತ್ತುವ ಟ್ರೋಲ್‌ಹೆಟ್ಟೆ ಕಾಲುವೆ ಇದೆ, ಆರೇ ಲಾಕ್, ಆದರೆ ಸರಕು ಹಡಗಿನ ಅಳತೆಯವು. ಅಲ್ಲಿ 1800ರ, 1844ರ, 1916ರ ಮೂರು ತಲೆಮಾರಿನ ಲಾಕುಗಳು ಅಕ್ಕಪಕ್ಕ ಇವೆ. ಕೊನೆಯದಷ್ಟೇ ಬಳಕೆಯಲ್ಲಿದೆ. ನನ್ನನ್ನು ಕೇಳಿದರೆ ದಾಲ್ಸ್‌ಲ್ಯಾಂಡ್ ಪ್ರಾಂತ್ಯದ ಕಾಲುವೆಗೆ ಹೋಗಿ, ಕನೋ ಅನ್ನುವ ಹುಟ್ಟು ಹಾಕುವ ಸಣ್ಣ ದೋಣಿ ಹಾಕಿಕೊಂಡು. ಅಲ್ಲಿ 250 ಕಿಲೋಮೀಟರ್ ನೀರಿನ ದಾರಿ, ತೋಡಿದ್ದು ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ, ಉಳಿದದ್ದು ಕಾಡಿನ ಸರೋವರ. ಹೋವೆರೂದ್‌ನಲ್ಲಿ ಝರಿಯ ಪಕ್ಕದ ನೆಲ ಲಾಕ್ ಹೊರುವಂತಿರಲಿಲ್ಲ. ಅದಕ್ಕೆ ದೋಣಿ ಸಾಗಲಿ ಅಂತ ಝರಿಯ ಮೇಲೆಯೇ ಸೇತುವೆಯ ಹಾಗೆ ನೀರು ತುಂಬಿದ ಕಬ್ಬಿಣದ ತೊಟ್ಟಿ ಹಾಸಿದರು, 32.5 ಮೀಟರ್ ಉದ್ದ, 33,000 ರಿವೆಟ್. 1868ರಲ್ಲಿ ಆದದ್ದು. ಮಾಡಿಸಿದವನು ನಮ್ಮ ಬಸ್ ನಿಲ್ದಾಣದ ನಿಲ್ಸ್. ರೈಲಿನ ಕೆಲಸ ಬಿಟ್ಟಮೇಲೆ ಮತ್ತೆ ಕಾಲುವೆಗೇ ಬಂದಿದ್ದ.

ಹನ್ನೆರಡನೇ ದಿನ ಮೇಮ್. ಕೊನೆಯ ಲಾಕ್, ಐವತ್ತೆಂಟನೆಯದು. 1832ರಲ್ಲಿ ರಾಜ ನಿಂತಿದ್ದ ಜಾಗದಲ್ಲಿ ಈಗ ಕಾಫಿ ಅಂಗಡಿ. ನೀರು ಇಳಿಯಿತು, ಬಾಗಿಲು ತೆರೆಯಿತು, ಆಚೆ ಸ್ಲೇಟ್‌ಬಾಕೆನ್, ಬಾಲ್ಟಿಕ್ ಸಮುದ್ರದ ಒಂದು ಉದ್ದನೆಯ ಬೆರಳು. ಮೇಷ್ಟ್ರು ಸೀಮೆಸುಣ್ಣವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. ಅವಳು ಕನ್ನಡದ ಸೊನ್ನೆ ಬರೆದಳು. ಎಲ್ಲಿ ಬರೆದರೂ ಸೊನ್ನೆ ಒಂದೇ ಥರ ಅಂತ ಮೇಷ್ಟ್ರು ನಕ್ಕರು.

ನಾನು ಕೈ ಅದ್ದಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡೆ. ಸಮುದ್ರ ಬಂತಲ್ಲ, ಉಪ್ಪು ನೋಡೋಣ ಅಂತ. ಅಷ್ಟೊಂದು ನದಿ ಸೇರುವ ಕಡಲು ಅದು, ಆ ಮೂಲೆಯಲ್ಲಂತೂ ಉಪ್ಪು ಹೆಸರಿಗಷ್ಟೇ. ‘ಹೇಗಿದೆ?’ ಅಂದಳು ಹೆಂಡತಿ.

‘ಸಪ್ಪೆ’ ಅಂದೆ.